ಡಬ್ಬಿಯ ಮೇಲಿನ ಹೆಸರು

ನನ್ನ ತಂಗಿ ಹಾಸಿಗೆಯ ಹತ್ತಿರ ಬಂದು, ವೇಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, "ಅಣ್ಣ, ನನ್ನಿಂದ ನಿನಗೆ ಬಂತು. ನನ್ನ ಕ್ಷಮಿಸು" ಅಂದಳು. ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು, ನಿನ್ನಿಂದ ಬರಲಿಲ್ಲ ಅಂತ. ಅದು ನಿಜ ಅಂತ ಗೊತ್ತಿದ್ದವನು ನಾನೊಬ್ಬನೇ. ಆದರೂ ಹೇಳಲಿಲ್ಲ. ಗೋಡೆಯ ಕಡೆ ಹೊರಳಿ, ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದೆ. ಅವಳು ನೀರಿನ ಚೊಂಬನ್ನು ಹತ್ತಿರ ಸರಿಸಿಟ್ಟು ಹೋದಳು.

ಈಗ ನನಗೆ ವಾಸಿಯಾಗಿದೆ. ಟಿಬಿ ಅಂದರೆ ಏನು, ಹೇಗೆ ಹರಡುತ್ತದೆ ಅನ್ನುವುದನ್ನು ಆಸ್ಪತ್ರೆಯ ಗೋಡೆಗಳ ಮೇಲೆ ನನಗಿಂತ ಚೆನ್ನಾಗಿ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಗೋಡೆಯ ಮೇಲೆ ಇಲ್ಲದ ವಿಷಯ. ಓದಿದ್ದು ಏಳನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ. ನನ್ನ ಹಾಗೆ ಕಾಯಿಲೆಯನ್ನೋ ಸುಳ್ಳನ್ನೋ ಮುಚ್ಚಿಟ್ಟುಕೊಂಡು ಕೂತವರು ಎಲ್ಲಾದರೂ ಇದ್ದರೆ, ತಾನೊಬ್ಬನೇ ಅಲ್ಲ ಅಂತ ಅವರಿಗೆ ಗೊತ್ತಾಗಲಿ.

ನನ್ನದು ಬಾಯಿಯ ಕೆಲಸ. ಆಟೋದ ತಲೆಯ ಮೇಲೆ ಎರಡು ಹಾರ್ನು ಕಟ್ಟಿಕೊಂಡು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಮೈಕು ಹಿಡಿದು ಊರೂರು ಪ್ರಚಾರ ಮಾಡುತ್ತೇನೆ. ಚನ್ನಗಿರಿಯಲ್ಲಿ ಸೀರೆ ಅಂಗಡಿಯ ರಿಯಾಯಿತಿ, ಹೊನ್ನಾಳಿಯಲ್ಲಿ ಕುಸ್ತಿ, ನ್ಯಾಮತಿಯಲ್ಲಿ ಕಣ್ಣಿನ ತಪಾಸಣೆ, ಜಗಳೂರಿನ ಹಳ್ಳಿಗಳಲ್ಲಿ ಕುರಿಗಳಿಗೆ ಲಸಿಕೆ. ಈ ನಾಲ್ಕು ತಾಲ್ಲೂಕಿನಲ್ಲಿ ನನ್ನ ಮುಖ ಗೊತ್ತಿಲ್ಲದವರಿಗೂ ದನಿ ಗೊತ್ತು. ಜನ ನನ್ನನ್ನು ಕರೆಯುವುದೇ ಮೈಕ್ ಹಾಲೇಶ ಅಂತ. ಆರೋಗ್ಯ ಇಲಾಖೆಯವರೂ ನನ್ನನ್ನು ಕರೆಸುತ್ತಿದ್ದರು. "ಎರಡು ವಾರಕ್ಕಿಂತ ಹೆಚ್ಚು ದಿನ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿಕೊಳ್ಳಿ" ಅಂತ ನಾನು ಎಷ್ಟು ಸಲ ಕೂಗಿದ್ದೇನೋ ಲೆಕ್ಕವಿಲ್ಲ. ಕೂಗಿ ಬಂದು, ಆಟೋ ನಿಲ್ಲಿಸಿ, ರುದ್ರಣ್ಣನ ಹೋಟೆಲಿನಲ್ಲಿ ಕೂತು ಅದನ್ನೇ ಆಡಿಕೊಳ್ಳುತ್ತಿದ್ದೆ. "ಅವರಿಗೆ ಕೇಸು ಬೇಕು ಕಣಣ್ಣ, ಪಟ್ಟಿ ತುಂಬಬೇಕು. ನನಗೆ ಬಾಡಿಗೆ ಬೇಕು, ಕೂಗ್ತೀನಿ" ಅನ್ನುತ್ತಿದ್ದೆ. ರುದ್ರಣ್ಣ ನಗುತ್ತಾ ಇನ್ನರ್ಧ ಚಹಾ ಹಾಕುತ್ತಿದ್ದ.

ನಮ್ಮೂರು ಕತ್ತಲಗೆರೆ ಕಡೆ. ಮನೆಯಲ್ಲಿ ಮೂರೇ ಜನ, ಅವ್ವ, ನಾನು, ತಂಗಿ ನೇತ್ರಾವತಿ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ನೇತ್ರಾ ಬ್ಲೌಸ್ ಹೊಲಿಯುತ್ತಾಳೆ. ನಡುಮನೆಯ ಕಿಟಕಿಯ ಹತ್ತಿರ ಅವಳ ಮಿಷಿನ್ನು. ನಮ್ಮೂರಲ್ಲಿ ಮದುವೆ ಇದೆ ಅಂದರೆ ಅವಳ ಮಿಷಿನ್ನು ಹದಿನೈದು ದಿನ ಮೊದಲೇ ಹೇಳುತ್ತಿತ್ತು.

ಆ ವರ್ಷ ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಪಕ್ಕದ ಕಣದ ಹೊಟ್ಟು ಕಿಟಕಿಯಿಂದ ನೇರ ಒಳಗೆ ಬರುತ್ತಿತ್ತು. ಮೂರು ವಾರವಾದರೂ ಬಿಡಲಿಲ್ಲ. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಶಾಹಿದಕ್ಕ ಬ್ಲೌಸ್ ಅಳತೆ ಕೊಡಲು ಬಂದವಳು ಆ ಕೆಮ್ಮು ಕೇಳಿದಳು. ಸಂಜೆಗೆ ಎರಡು ಪ್ಲಾಸ್ಟಿಕ್ ಡಬ್ಬಿ ತಂದಳು. ಎರಡರ ಮೇಲೂ ತನ್ನ ದುಂಡನೆಯ ಅಕ್ಷರದಲ್ಲಿ ನೇತ್ರಾವತಿ ಅಂತ ಬರೆದಿದ್ದಳು.

"ಒಂದು ಈಗ, ಒಂದು ಬೆಳಿಗ್ಗೆ ಎದ್ದ ಕೂಡಲೇ. ಉಗುಳು ಅಲ್ಲ ತಾಯಿ, ಎದೆಯಿಂದ ಬರಬೇಕು. ಹಾಲೇಶ ಹೆಂಗೂ ಆ ಕಡೆ ಹೋಗ್ತಾನಲ್ಲ, ಆಸ್ಪತ್ರೆಗೆ ಕೊಟ್ಟು ಹೋಗ್ಲಿ."

ಸಂಜೆ ನೇತ್ರಾ ಎಷ್ಟು ಕೆಮ್ಮಿದರೂ ಏನೂ ಬರಲಿಲ್ಲ. ಬೆಳಿಗ್ಗೆ ಒಂದು ಡಬ್ಬಿಯಲ್ಲಿ ಚೂರು ಹಾಕಿ, ಖಾಲಿಯದನ್ನೂ ಜೊತೆಗಿಟ್ಟು ಕವರಿನಲ್ಲಿ ಕೊಟ್ಟಳು.

ಆಗ ನ್ಯಾಮತಿಯಿಂದ ಅವಳಿಗೊಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಗೊಬ್ಬರದ ಅಂಗಡಿಯಲ್ಲಿ ಕೆಲಸ. ಎರಡು ಮೂರು ತಿಂಗಳಲ್ಲಿ ಎಲೆ ಅಡಿಕೆ ಶಾಸ್ತ್ರ ಅಂತ ಮಾತಾಗಿತ್ತು. ಅವಳದು ಆಗದೆ ನನ್ನದು ಆಗುವ ಹಾಗಿರಲಿಲ್ಲ. ನನಗೆ ಮೂವತ್ತನಾಲ್ಕು ನಡೆಯುತ್ತಿತ್ತು. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ನಾನು ಮಾಡಿದ್ದು ತಂಗಿಗೋಸ್ಕರ ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಪೂರ್ತಿ ನಿಜ ಅಲ್ಲ ಅದು. ಅರ್ಧ ನನಗೋಸ್ಕರ.

ನಾಲೆಯ ಸೇತುವೆ ದಾಟಿ ಆಟೋ ನಿಲ್ಲಿಸಿದೆ. ತುಂಬಿದ ಡಬ್ಬಿಯನ್ನು ಜಾಲಿ ಪೊದೆಗೆ ಎಸೆದೆ. ಖಾಲಿ ಡಬ್ಬಿಯ ಮುಚ್ಚಳ ತೆಗೆದು, ಜೋರಾಗಿ ಕೆಮ್ಮಿ, ನನ್ನ ಕಫ ಅದರೊಳಗೆ ಹಾಕಿದೆ. ಬೆಳಗಿನ ಹೊತ್ತು ನನಗೆ ಕಫ ಬರುತ್ತಿತ್ತು. ಮೈಕಿನಲ್ಲಿ ಕೂಗುವವರಿಗೆಲ್ಲ ಬರುತ್ತದೆ ಅಂತ ತಿಳಿದಿದ್ದೆ. ನನ್ನದು ಗಟ್ಟಿ ದೇಹ, ನನ್ನದರಲ್ಲಿ ಏನಿರುತ್ತದೆ, ರಿಪೋರ್ಟು ಸರಿ ಬರುತ್ತದೆ, ಮದುವೆ ಆಗುತ್ತದೆ, ಹೊಟ್ಟಿನ ಕೆಮ್ಮು ತಾನಾಗಿ ಹೋಗುತ್ತದೆ. ಇಷ್ಟೇ ನನ್ನ ಲೆಕ್ಕ. ಡಬ್ಬಿ ಒರೆಸಿ, ಆಸ್ಪತ್ರೆಯ ಕಿಟಕಿಯಲ್ಲಿ ಕೊಟ್ಟು, ಹೊನ್ನಾಳಿಯ ಕಡೆ ಕೂಗುತ್ತಾ ಹೋದೆ.

ನಾಲ್ಕನೇ ದಿನ ನೇತ್ರಾಳ ಫೋನಿಗೆ ಕರೆ ಬಂತು. ನಾನು ಊಟಕ್ಕೆ ಕೂತಿದ್ದೆ. ಅವಳು ಮಿಷಿನ್ನಿನ ಮುಂದೆ ಕೂತೇ ಮಾತಾಡಿದಳು. ಕಾಲು ತುಳಿಯುತ್ತಲೇ ಇತ್ತು. ಬಟ್ಟೆ ಮುಗಿದು ಸೂಜಿ ಮಿಷಿನ್ನಿನ ಬರಿಯ ಹಲ್ಲಿನ ಮೇಲೆ ಕಟಕಟ ಅನ್ನುತ್ತಿದ್ದರೂ ಅವಳು ತುಳಿಯುತ್ತಿದ್ದಳು.

"ಪಾಸಿಟಿವ್ ಅಂತೆ, ಅವ್ವ."

ಅವ್ವ ತಟ್ಟೆ ಕೆಳಗಿಟ್ಟಳು. ನಾನು ಅರ್ಧ ಊಟಕ್ಕೇ ಕೈ ತೊಳೆದು ಎದ್ದೆ.

ಬುದ್ಧಿ ಇದ್ದವನು ಅವತ್ತೇ ಹೋಗಿ ಹೇಳುತ್ತಿದ್ದ. ನನಗೆ ಒಂದು ಗಳಿಗೆ ಹೆದರಿಕೆಯಾಯಿತು, ಆಮೇಲೆ ಬೇರೆ ಯೋಚನೆ ಬಂತು. ನನಗೆ ಜ್ವರ ಇಲ್ಲ, ಸುಸ್ತಿಲ್ಲ, ದಿನಕ್ಕೆ ಎಂಟು ಗಂಟೆ ಕೂಗುತ್ತೇನೆ. ನನಗೆ ಟಿಬಿ ಅನ್ನುತ್ತದಲ್ಲ ಆಸ್ಪತ್ರೆಯ ಕಫ ಪರೀಕ್ಷೆಯ ಮಿಷಿನ್ನು, ಅಂದರೆ ಅದು ಸುಳ್ಳೇ. ಹೋಟೆಲಿನಲ್ಲಿ ನಾನು ಹೇಳುತ್ತಿದ್ದದ್ದೇ ಸರಿ, ಈಗ ನನ್ನ ಹತ್ತಿರ ಸಾಕ್ಷಿಯೂ ಇದೆ! ಇಷ್ಟು ದಿನ ಬಾಯಿ ಮಾತಿಗೆ ಆಡಿಕೊಳ್ಳುತ್ತಿದ್ದವನು ಅವತ್ತಿನಿಂದ ನಿಜವಾಗಿ ನಂಬಿದೆ. ನಂಬದೆ ಹೋದರೆ ಕಾಯಿಲೆ ನನ್ನದಾಗುತ್ತಿತ್ತು.

ಅವಳು ಆಸ್ಪತ್ರೆಯಿಂದ ಟಿಬಿ ಮಾತ್ರೆ ತಂದ ದಿನ, "ಆ ಮಾತ್ರೆ ತಗೋಬೇಡ ನೇತ್ರಾ. ಅದು ಸುಳ್ಳು ರಿಪೋರ್ಟು" ಅಂದೆ.

"ನಿನಗೆ ಹೆಂಗೆ ಗೊತ್ತು?"

"ಗೊತ್ತು ಅಂದ್ರೆ ಗೊತ್ತು."

"ಗೊತ್ತಿದ್ರೆ ಹೇಳು. ಇಲ್ಲಾಂದ್ರೆ ನೀರು ಕೊಡು" ಅಂದು ಕೈ ಚಾಚಿದಳು. ನಾನು ನೀರು ಕೊಟ್ಟೆ. ಮೊದಲ ದಿನದ ಮಾತ್ರೆ ಅವಳು ನುಂಗಿದ್ದು ನಾನು ಕೊಟ್ಟ ನೀರಿನಲ್ಲಿ.

ಅವಳ ಎಕ್ಸ್‌ರೇ ನೋಡಿ ಡಾಕ್ಟರ್ ಮೇಡಂ ಅದನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರಂತೆ. "ಎದೆ ಇಷ್ಟು ಚೆನ್ನಾಗಿದೆಯಲ್ಲಮ್ಮ, ಆದರೆ ಕಫದಲ್ಲಿ ಬಂದಿದೆ. ಬಿಡೋ ಹಾಗಿಲ್ಲ" ಅಂದರಂತೆ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತಲೂ ಹೇಳಿದ್ದರು. ಅವ್ವ ಹೋಗಿ ಮಾಡಿಸಿಕೊಂಡಳು, ಏನೂ ಇರಲಿಲ್ಲ. ಶಾಹಿದಕ್ಕ ನನ್ನನ್ನು ಕೇಳಿದಾಗಲೆಲ್ಲ ನನಗೆ ಜಗಳೂರಿನ ಬಾಡಿಗೆ ಇರುತ್ತಿತ್ತು.

ಒಂದೂವರೆ ತಿಂಗಳು ಕಳೆದ ಮೇಲೆ ನಮ್ಮ ಪಂಚಾಯಿತಿ ಆಫೀಸಿನ ಅಂಗಳದಲ್ಲಿ ಶಿಬಿರ ಇಟ್ಟರು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಮಿಷಿನ್ನು ತಂದಿದ್ದರು. ಪ್ರಚಾರ ನನ್ನದೇ, ಮೈಕೂ ನನ್ನದೇ. ಮೇಡಂ ಮೈಸೂರು ಕಡೆಯವರು, ಸಣ್ಣ ದನಿ. ಭಾಷಣ ಕಡಿಮೆ ಮಾಡಿ, "ನಿಮಗೇನು ಅನುಮಾನ ಇದೆ, ಕೇಳಿ" ಅಂದರು.

ರುದ್ರಣ್ಣ ಎದ್ದ. "ಮೇಡಮ್ಮೋರೆ, ಹೆಸರೆಲ್ಲ ಬರ್ಕೊಂಡು ಹೋಗ್ತೀರಲ್ಲ, ಆಮೇಲೆ ನಮ್ಮ ರೇಷನ್ ಕಾರ್ಡು ಕಟ್ ಮಾಡಾಕಾ?"

ಜನ ನಕ್ಕರು. ಮೇಡಮ್ಮೂ ನಕ್ಕರು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಾಗೇನಾದರೂ ಕಟ್ಟಾದರೆ ನನ್ನ ಹತ್ತಿರ ಬನ್ನಿ, ನಿಮ್ಮ ಜೊತೆ ನಾನೇ ತಾಲ್ಲೂಕು ಆಫೀಸಿಗೆ ಬರ್ತೀನಿ."

"ಬರ್ತೀರಾ? ಹಂಗಾದ್ರೆ ಬೇರೆ ಕೆಲಸಾನೂ ಬಾಳ ಐತೆ ಅಲ್ಲಿ" ಅಂದ ರುದ್ರಣ್ಣ. ಮತ್ತೆ ನಗು.

ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು: "ಕೊರೊನಾದಾಗ ಒಂದ್ಸಲ ಹಿಂಗಂದ್ರಿ, ಒಂದ್ಸಲ ಹಂಗಂದ್ರಿ. ನಿಮ್ಮನ್ನ ಹೆಂಗ್ರಿ ನಂಬೋದು?"

ಮೇಡಂ ನಗಲಿಲ್ಲ. "ನಿಜ ಕಣಮ್ಮ. ಆಗ ನಮಗೂ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳಬೇಕಿತ್ತು, ಕೆಲವು ಸಲ ಹೇಳಲಿಲ್ಲ. ಆದರೆ ಟಿಬಿ ಹೊಸದಲ್ಲ. ಇದರ ಬಗ್ಗೆ ಗೊತ್ತಿರೋದನ್ನಷ್ಟೇ ಹೇಳ್ತಿದ್ದೀನಿ."

ಆ ಹೆಂಗಸು ತಲೆಯಾಡಿಸಿ ಕೂತಳು. ಜನ ಮೇಡಂ ಕಡೆ ವಾಲುತ್ತಿದ್ದಾರೆ ಅನ್ನಿಸಿ ನನಗೆ ತಡೆಯಲಾಗಲಿಲ್ಲ. ಇನ್ನೊಂದು ಮೈಕು ನನ್ನ ಕೈಯಲ್ಲೇ ಇತ್ತು.

"ಮೇಡಂ, ನಿಮ್ಮ ಕಫದ ಮಿಷಿನ್ನು ತಪ್ಪು ಹೇಳ್ತೈತೋ ಇಲ್ವೋ, ಅಷ್ಟು ಹೇಳ್ರಿ."

"ತಪ್ಪಬಹುದು, ಹಾಲೇಶ್. ಆದರೆ ಬಹಳ ಅಪರೂಪ. ತಪ್ಪಾದರೆ ಹೆಚ್ಚಾಗಿ ನಮ್ಮ ಕೈಯಲ್ಲೇ ಆಗೋದು. ಡಬ್ಬಿ ಅದಲು ಬದಲಾಗುತ್ತೆ, ಹೆಸರು ತಪ್ಪಾಗುತ್ತೆ. ಮಿಷಿನ್ನಿಗೆ ಯಾರ ಕಫ ಅಂತ ಗೊತ್ತಾಗಲ್ಲ. ನಾವು ಮೇಲೆ ಬರೆದ ಹೆಸರನ್ನೇ ಅದು ಹೇಳೋದು."

ಅವರು ಸುಮ್ಮನೆ ಹೇಳಿದ ಮಾತು ಅದು. ನನಗೆ ಮಾತ್ರ ಜಾಲಿ ಪೊದೆ ಕಣ್ಣಮುಂದೆ ಬಂತು. ಆಗಲೂ ದಾರಿ ಇತ್ತು. ಮೈಕು ಕೆಳಗಿಟ್ಟು, ಅವರನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ನನಗೆ ಬಂದದ್ದು ಸಿಟ್ಟು.

"ಏನೇನೋ ಹೇಳಿ ಜಾರ್ಕೋಬೇಡ್ರಿ! ನನ್ನ ಸ್ವಂತ ತಂಗಿ ನೇತ್ರಾವತಿಗೆ ಸುಳ್ಳು ಪಾಸಿಟಿವ್ ಕೊಟ್ಟೀರಿ. ನನ್ನತ್ರ ಸಾಕ್ಷಿ ಐತೆ!"

ಹಾರ್ನಿನಲ್ಲಿ ಅದು ಊರಿಗೆಲ್ಲ ಕೇಳಿಸಿತು.

"ಸಾಕ್ಷಿ ಇದ್ದರೆ ಕೊಡಿ. ನಾನೇ ಮೇಲಿನವರಿಗೆ ಬರೀತೀನಿ" ಅಂದರು ಮೇಡಂ. ದನಿ ಏರಿಸಲಿಲ್ಲ.

"ಟೈಮ್ ಬಂದಾಗ ಕೊಡ್ತೀನಿ" ಅಂದೆ.

ಎಕ್ಸ್‌ರೇಗೆ ನಿಂತಿದ್ದ ಸಾಲಿನಲ್ಲಿ ಅರ್ಧ ಜನ ಕರಗಿಹೋದರು. ರುದ್ರಣ್ಣ ನನ್ನ ಬೆನ್ನು ತಟ್ಟಿದ. ನಾನು ಗೆದ್ದೆ ಅಂದುಕೊಂಡು ಮನೆಗೆ ಹೋದರೆ, ನೇತ್ರಾ ಬಾಗಿಲಲ್ಲಿ ಕೂತಿದ್ದಳು. ಅವಳ ಪಕ್ಕ ಶಾಹಿದಕ್ಕ.

"ಎರಡು ತಿಂಗಳಾಗಾಕೆ ಬಂತು, ಈ ಬೀದಿಯಾಗೆ ಒಬ್ಬರಿಗೂ ಗೊತ್ತಾಗದಂಗೆ ಮಾತ್ರೆ ತಂದು ಕೊಟ್ಟೀನಿ. ತರಕಾರಿ ಚೀಲದಾಗೆ ಇಟ್ಕೊಂಡು ಬರ್ತಿದ್ದೆ. ನೀನು ಮೈಕಿನಾಗೆ ಕೂಗಿದೆಯಲ್ಲೋ ಹಾಲೇಶ" ಅಂದಳು ಶಾಹಿದಕ್ಕ.

ನೇತ್ರಾ ಎದ್ದು ಒಳಗೆ ಹೋಗಿ ಮಿಷಿನ್ನಿಗೆ ಬಟ್ಟೆ ಮುಚ್ಚಿದಳು.

ಮಾರನೇ ದಿನದಿಂದ ಹೆಂಗಸರು ಒಬ್ಬೊಬ್ಬರೇ ಬಂದು ಬ್ಲೌಸ್ ಪೀಸು ವಾಪಸ್ ಕೇಳಿದರು. ಯಾರೂ ಕಾಯಿಲೆಯ ಹೆಸರೆತ್ತಲಿಲ್ಲ. ಒಬ್ಬಳಿಗೆ ಬಣ್ಣ ಹೊಂದುವುದಿಲ್ಲ, ಒಬ್ಬಳ ಸೊಸೆ ತಾನೇ ಹೊಲಿಯುತ್ತಾಳಂತೆ. ಇನ್ನೂ ಕತ್ತರಿಸದ ಬಟ್ಟೆಗಳನ್ನು ನೇತ್ರಾ ಮಡಚಿ ಮಡಚಿ ಕೊಟ್ಟಳು. ನ್ಯಾಮತಿಯವರು ಫೋನ್ ಮಾಡಿ, ಹುಡುಗನಿಗೆ ಈ ವರ್ಷ ಯೋಗವಿಲ್ಲವಂತೆ ಅಂದರು. ಅವಳ ಕೆಮ್ಮು ಅಷ್ಟೊತ್ತಿಗೆ ಹೋಗಿ ಬಹಳ ದಿನವಾಗಿತ್ತು. ಹೊಟ್ಟು ನಿಂತಿತು, ಕೆಮ್ಮೂ ನಿಂತಿತು. ಅವ್ವ ಮಾತ್ರೆಯ ಗುಣ ಅಂದಳು.

ಶಾಹಿದಕ್ಕ ಒಬ್ಬಳೇ, ಅದೇ ವಾರ ಎರಡು ಹೊಸ ಪೀಸು ತಂದು ಮಿಷಿನ್ನಿನ ಮೇಲಿಟ್ಟು, "ತೋಳು ಸ್ವಲ್ಪ ಉದ್ದ ಇಡು" ಅಂದು ಹೋದಳು.

ಶಿಬಿರ ಆಗಿ ಎರಡು ವಾರಕ್ಕೆ ನೇತ್ರಾಳಿಗೆ ವಾಂತಿ ಶುರುವಾಯಿತು. ಕಣ್ಣು ಅರಿಶಿನದ ಹಾಗೆ ಹಳದಿ. ಆ ಮಾತ್ರೆ ಕೆಲವರ ಲಿವರಿಗೆ ತಡೆಯುವುದಿಲ್ಲವಂತೆ. ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಹನ್ನೊಂದು ದಿನ ನಾನು ವಾರ್ಡಿನ ಹೊರಗೆ ಕಲ್ಲುಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಜಗಳೂರು ಕಡೆಯ ಒಬ್ಬ ಅಜ್ಜಿ, ಅವಳ ಮೊಮ್ಮಗಳೂ ಒಳಗಿದ್ದಳು. ದಿನಾ ಮಂಡಕ್ಕಿ ಪೊಟ್ಟಣ ಬಿಚ್ಚಿ ಮೊದಲು ನನ್ನ ಕಡೆ ಹಿಡಿಯುತ್ತಿದ್ದಳು.

"ತಂಗಿ ಅಂದ್ರೆ ಬಾಳ ಪ್ರೀತಿ ಅನ್ನು ನಿನಗೆ. ಎದ್ದೇ ಹೋಗಲ್ಲ" ಅಂದಳು ಒಂದು ದಿನ.

ನಾನು ಮಂಡಕ್ಕಿ ಅಗಿಯುತ್ತಾ ಹೂಂ ಅಂದೆ. ಕೆಮ್ಮು ಬಂತು. ಅವಳ ಕಡೆಯಿಂದ ಮುಖ ತಿರುಗಿಸಬೇಕು ಅಂತಲೂ ನನಗೆ ಹೊಳೆಯಲಿಲ್ಲ. ಆ ಅಜ್ಜಿಗೂ ನನ್ನಿಂದ ಬಂತೇನೋ ಅಂತ ಈಗಲೂ ಯೋಚಿಸುತ್ತೇನೆ.

ಡಾಕ್ಟರುಗಳು ಮಾತ್ರೆ ನಿಲ್ಲಿಸಿ, ಕಣ್ಣು ತಿಳಿಯಾದ ಮೇಲೆ ಒಂದೊಂದಾಗಿ ಮತ್ತೆ ಶುರು ಮಾಡಿದರು. ಮತ್ತೆ ಶುರು ಮಾಡುವ ದಿನ ನಾನು ವಾರ್ಡಿನ ಬಾಗಿಲ ತನಕ ಹೋಗಿದ್ದೆ. ಇವಳಿಗೆ ಇದು ಬೇಡ ಅನ್ನುವ ಮಾತು ನಾಲಿಗೆಯ ಮೇಲೇ ಇತ್ತು. ಒಳಗೆ ನರ್ಸು, "ಏನ್ರಿ?" ಅಂದಳು. "ಬಿಸಿನೀರು ಎಲ್ಲಿ ಸಿಗುತ್ತೆ?" ಅಂತ ಕೇಳಿ ವಾಪಸು ಬಂದೆ.

ಬೇಸಿಗೆಯಲ್ಲಿ ನನ್ನ ಗಂಟಲು ಕಟ್ಟಿತು. ಮೊದಲು ಕೂಗಿ ಕೂಗಿ ಅಂದುಕೊಂಡೆ. ಕಲ್ಲುಸಕ್ಕರೆ, ಜ್ಯೇಷ್ಠಮಧು, ಬಿಸಿನೀರು ಯಾವುದಕ್ಕೂ ಬಗ್ಗಲಿಲ್ಲ. ಪ್ಯಾಂಟು ಜಾರುತ್ತಿತ್ತು, ಬೆಲ್ಟಿಗೆ ಎರಡು ಹೊಸ ತೂತು ಮಾಡಿದೆ. ಮುಂಗಾರು ಹಿಡಿದ ಮೇಲೆ ಒಂದು ದಿನ ಜಗಳೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಕುರಿ ಲಸಿಕೆಯ ಪ್ರಚಾರ ಮಾಡುತ್ತಿದ್ದೆ. "ಕುರಿಗಾರ ಬಂಧುಗಳೇ" ಅನ್ನುವಷ್ಟರಲ್ಲಿ ದನಿ ಪೂರ್ತಿ ಹೋಯಿತು. ಕೆಮ್ಮಿದೆ, ಮೈಕಿನ ಜಾಲರಿಯ ಮೇಲೆ ರಕ್ತ ಬಿತ್ತು. ನನ್ನ ಕೆಮ್ಮು ಹಾರ್ನಿನಲ್ಲಿ ಇಡೀ ಸ್ಟ್ಯಾಂಡಿಗೆ ಕೇಳಿಸುತ್ತಿತ್ತು, ಜನ ತಿರುಗಿ ನೋಡಿದರು. ಮೈಕಿನ ಬಟನ್ನು ಆಫ್ ಮಾಡಲು ಕೈ ಬರಲಿಲ್ಲ.

ಈ ಸಲ ಡಬ್ಬಿಯ ಮೇಲೆ ನನ್ನ ಹೆಸರು ಬರೆದರು. ಶ್ವಾಸಕೋಶ, ಗಂಟಲು ಎರಡರಲ್ಲೂ ಇದೆ ಅಂದರು. "ಬಹಳ ದಿನದಿಂದ ಇದೆ" ಅಂದರು ಮೇಡಂ. "ಮನೇಲಿ ತಂಗಿಗೆ ಇತ್ತಲ್ಲ, ಅವಳಿಂದ ಬಂದಿರಬಹುದು. ಅವಳನ್ನ ಬೈಬೇಡಿ, ಯಾರ ತಪ್ಪೂ ಅಲ್ಲ."

ನಾನು ತಲೆಯಾಡಿಸಿದೆ. ದನಿ ಇರಲಿಲ್ಲ ಅನ್ನುವುದು ಅವತ್ತು ನನಗೆ ಒಳ್ಳೆಯ ನೆಪವಾಯಿತು.

ಮನೆಯಲ್ಲಿ ಅವ್ವ ಬೈದಳು. ನನ್ನನ್ನಲ್ಲ. "ಹೆಣ್ಣು ಮಗಳು ಅಂತ ಸುಮ್ಮನಿದ್ದೆ ಕಣೇ. ನಿನ್ನ ಜಡ್ಡು ನನ್ನ ಮಗನಿಗೆ ಅಂಟಿಸಿದೆಯಲ್ಲೇ. ದುಡಿಯೋನು ಅವನೊಬ್ಬ, ಅವನ ಗಂಟಲೇ ಹೋತಲ್ಲೇ!" ಅವ್ವ ಹೊರಗೆ ಹೋದ ಮೇಲೆ ನೇತ್ರಾ ನನ್ನ ಹಾಸಿಗೆಯ ಹತ್ತಿರ ಬಂದು ವೇಲು ಅಡ್ಡ ಹಿಡಿದು ನಿಂತಳು. ಮುಂದಿನದನ್ನು ಮೊದಲೇ ಬರೆದಿದ್ದೇನೆ.

ಆರು ತಿಂಗಳು ನನ್ನನ್ನು ನೋಡಿಕೊಂಡವಳು ಅವಳೇ. ಅವಳ ಮಾತ್ರೆ ಮುಗಿದಿತ್ತು, ನನ್ನದು ಶುರುವಾಗಿತ್ತು. ಯಾವ ವಾರ ಏನಾಗುತ್ತದೆ ಅಂತ ಡಾಕ್ಟರಿಗಿಂತ ಮೊದಲು ಅವಳು ಹೇಳುತ್ತಿದ್ದಳು.

"ಉಚ್ಚೆ ಕೆಂಪಗೆ ಬರ್ತೈತೆ, ಗಾಬರಿ ಬೀಳಬೇಡ, ಅದು ಮಾತ್ರೆ ಬಣ್ಣ. ಎರಡನೇ ವಾರ ವಾಕರಿಕೆ ಬಾಳ. ನಾಲಿಗೆ ಮೇಲೆ ಚೂರು ಹುಣಸೆಹಣ್ಣು ಇಟ್ಕೋ, ತಡೀತೈತೆ. ನಾನು ಹಂಗೇ ಮಾಡ್ತಿದ್ದೆ."

ಹುಣಸೆಹಣ್ಣು ನಿಜವಾಗಿ ತಡೆಯುತ್ತಿತ್ತು. ಅವಳು ಬೇಡದ ನೋವು ತಿಂದು ಕಲಿತದ್ದೆಲ್ಲ ನನ್ನ ಉಪಯೋಗಕ್ಕೆ ಬರುತ್ತಿತ್ತು. ದಿನಾ ಮೊಟ್ಟೆ ಬೇಯಿಸಿ ಸುಲಿದು ತಂದು, ಹೊಸ್ತಿಲಲ್ಲಿಟ್ಟು, ಹಿಂದೆ ಸರಿದು ನಿಲ್ಲುತ್ತಿದ್ದಳು. ಅವಳಿಗೆ ಗುಣವಾಗಿದೆ, ಅವಳಿಂದ ಯಾರಿಗೂ ಬರುವುದಿಲ್ಲ ಅಂತ ಶಾಹಿದಕ್ಕ ಎಷ್ಟು ಹೇಳಿದರೂ ಅಡುಗೆಮನೆಯಲ್ಲಿ ತನ್ನ ತಟ್ಟೆ ಬೇರೆ ಇಟ್ಟುಕೊಂಡಿದ್ದಳು. ತಟ್ಟೆಯ ಅಂಚಿನಲ್ಲಿ ಮೊಳೆಯಿಂದ ನೇ ಅಂತ ಕೊರೆದಿದ್ದಳು. "ನಂಬಿಕೆ ಇಲ್ಲ ಅಂತಲ್ಲ ಶಾಹಿದಕ್ಕ. ಒಂದ್ಸಲ ಆಗಿ ಹೋತಲ್ಲ" ಅನ್ನುತ್ತಿದ್ದಳು.

ಮಾತ್ರೆ ಮುಗಿದ ದಿನ ಆಸ್ಪತ್ರೆಗೆ ಹೋದೆ. ಮೇಡಂ ಕಾಗದದ ಮೇಲೆ ಗುಣವಾಗಿದೆ ಅಂತ ಬರೆದು, "ದನಿ ಪೂರ್ತಿ ಮೊದಲಿನ ಹಾಗೆ ಆಗಲಿಕ್ಕಿಲ್ಲ. ಆದರೆ ಬದುಕಿದ್ದೀರಿ" ಅಂದು ನಕ್ಕರು. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ನಾನು ಎದ್ದು ಬಾಗಿಲು ಮುಂದೆ ಮಾಡಿ ವಾಪಸು ಬಂದು ಕೂತೆ.

"ಮೇಡಂ, ಅವತ್ತು ಸಾಕ್ಷಿ ಐತೆ ಅಂದಿದ್ನಲ್ಲ. ಕೊಡಾಕೆ ಬಂದೀನಿ."

ಎಲ್ಲಾ ಹೇಳಿದೆ, ಸೇತುವೆ, ಪೊದೆ, ಡಬ್ಬಿ. ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡಿದ್ದೆ. ಹಳೆಯ ರಿಜಿಸ್ಟರು ತೆಗೆದು ನೇತ್ರಾಳ ಹೆಸರಿನ ಪುಟ ಹುಡುಕಿದರು.

"ಆ ಹುಡುಗಿಗೆ ಕಾಮಾಲೆ ಆಯ್ತಲ್ರೀ" ಅಂದರು ಕೊನೆಗೆ. "ನಾನೇ ಬರೆದುಕೊಟ್ಟ ಮಾತ್ರೆ."

"ಅವಳಿಗೆ ಇರಲೇ ಇಲ್ವಾ ಮೇಡಂ?"

"ಇರಲೇ ಇಲ್ಲ ಅಂತ ಎಸೆದ ಡಬ್ಬಿ ನೋಡದೆ ನಾನು ಹೇಗೆ ಹೇಳಲಿ? ಎಕ್ಸ್‌ರೇ ಚೆನ್ನಾಗಿತ್ತು. ಆಮೇಲಿನ ಅವಳ ಕಫದಲ್ಲೂ ಏನೂ ಬರಲಿಲ್ಲ. ಅವಳದು ಅಂತ ಪಾಸಿಟಿವ್ ಬಂದದ್ದು ಒಂದೇ ಸಲ, ಅದು ನಿಮ್ಮದು. ಇಷ್ಟು ನನಗೆ ಗೊತ್ತು." ಆಮೇಲೆ ನಾನು ಯೋಚಿಸಿರದ ಒಂದು ಪ್ರಶ್ನೆ ಕೇಳಿದರು. "ಅವತ್ತು ಶಿಬಿರದಲ್ಲಿ ನಾನು ಹೇಗೆ ಕೇಳಿದ್ದರೆ ನೀವು ಹೇಳ್ತಿದ್ರಿ, ಹಾಲೇಶ್?"

"ಎಲ್ಲರ ಮುಂದೆ ಸಾಕ್ಷಿ ಕೊಡು ಅನ್ನೋ ಬದಲು, ಆಮೇಲೆ ಪಕ್ಕಕ್ಕೆ ಕರೆದು ಕೇಳಿದ್ರೆ ಹೇಳ್ತಿದ್ನೇನೋ. ಹೇಳ್ತಿರಲಿಲ್ವೇನೋ. ಗೊತ್ತಿಲ್ಲ ಮೇಡಂ."

ಅವರು ಅದನ್ನೂ ಬರೆದುಕೊಂಡರು. "ದಾಖಲೆ ನಾನು ಸರಿ ಮಾಡಿಸ್ತೀನಿ. ಆದರೆ ಇದನ್ನ ಹೇಳಬೇಕಾದದ್ದು ನನಗಲ್ಲ."

ಗೊತ್ತಿತ್ತು. ಆದರೂ ಮತ್ತೆ ಮೂರು ವಾರ ಕಳೆದೆ. ಬೆಳಿಗ್ಗೆ ಹೇಳುತ್ತೇನೆ ಅಂತ ಏಳುವುದು, ಅವಳು ಮೊಟ್ಟೆ ಇಟ್ಟು ಸರಿದು ನಿಂತ ಕೂಡಲೇ ಬಾಯಿ ಕಟ್ಟುವುದು.

ಆ ಭಾನುವಾರ ಬೆಳಿಗ್ಗೆ ಶಾಹಿದಕ್ಕ ಮಗಳ ಮಗುವನ್ನು ಎತ್ತಿಕೊಂಡು ಬಂದಳು. ಮೂರು ತಿಂಗಳ ಕೂಸು, ಅದಕ್ಕೊಂದು ಕುಲಾವಿ ಹೊಲಿಯಬೇಕಿತ್ತು. ಅವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ನಾನು ಪಡಸಾಲೆಯಲ್ಲಿ ಹಾರ್ನು ಒರೆಸುತ್ತಿದ್ದೆ. ನೇತ್ರಾ ಮಿಷಿನ್ನಿನಿಂದ ಎದ್ದು ಬಂದು ಬಾಗಿಲಲ್ಲೇ ನಿಂತು, ಒಂದು ನೂಲು ಕತ್ತರಿಸಿ ಶಾಹಿದಕ್ಕನ ಕಡೆ ಎಸೆದಳು.

"ನೀನೇ ತಲೆ ಸುತ್ತ ಅಳತೆ ಹಿಡಿದು, ಗಂಟು ಹಾಕಿ ಕೊಡು ಶಾಹಿದಕ್ಕ. ನಾನು ಮುಟ್ಟಲ್ಲ."

"ಮುಟ್ಟೇ ಹುಚ್ಚಿ. ನಾನೇ ಆಶಾ, ನಾನೇ ಹೇಳ್ತಿದ್ದೀನಿ."

"ಬೇಡ. ಒಡಹುಟ್ಟಿದವನಿಗೇ ಕೊಟ್ಟ ಕೈ ಇದು. ಕೂಸಿಗೆ ಬೇಡ."

ಕೂಸು ಅವಳನ್ನೇ ನೋಡಿ ನಗುತ್ತಿತ್ತು. ನೇತ್ರಾಳ ಕೈ ಅರ್ಧ ಮುಂದೆ ಬಂದು, ಹಿಂದೆ ಹೋಗಿ, ವೇಲಿನೊಳಗೆ ಸೇರಿತು. ಅದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ. ಹಾರ್ನು ಕೆಳಗಿಟ್ಟು ಎದ್ದು ನಿಂತೆ.

"ನೇತ್ರಾ, ನೀನು ಕೊಟ್ಟಿಲ್ಲ" ಅಂದೆ.

ನನ್ನ ದನಿ ಈಗ ಮರಕ್ಕೆ ಉಜ್ಜುಕಾಗದ ಹಾಕಿದ ಹಾಗೆ ಬರುತ್ತದೆ. ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. "ಏನು?" ಅಂದಳು.

ಡಬ್ಬಿಯ ವಿಷಯ ಹೇಳಿದೆ, ತಡವರಿಸುತ್ತಾ, ಹಿಂದು ಮುಂದಾಗಿ. ಶಾಹಿದಕ್ಕ ಕೂಸನ್ನು ಎದೆಗೆ ಒತ್ತಿಕೊಂಡು ಕಂಬಕ್ಕೆ ಒರಗಿದಳು. "ನನ್ನ ಕೈಬರಹದ ಮೇಲೆ ಮಾಡಿದೆಯಲ್ಲೋ" ಅಂದಳು ಅಷ್ಟೇ. ನೇತ್ರಾ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು.

"ಕಾಮಾಲೆ ಆದಾಗ ಗೊತ್ತಿತ್ತಾ ನಿನಗೆ?"

"ಡಬ್ಬಿ ನಂದು ಅಂತ ಗೊತ್ತಿತ್ತು."

"ನಾನು ಬಂದು ಕ್ಷಮಿಸು ಅಂದೆನಲ್ಲ, ಆಗ?"

"ಆಗ ಎಲ್ಲಾ ಗೊತ್ತಿತ್ತು."

ಒಳಗೆ ರೊಟ್ಟಿ ತಟ್ಟುವ ಸದ್ದು ನಡೆದೇ ಇತ್ತು. ಆಮೇಲೆ ಅವಳು ನಾಲ್ಕು ಹೆಜ್ಜೆ ನಡೆದು ಶಾಹಿದಕ್ಕನ ಕೈಯಿಂದ ಕೂಸನ್ನು ತೆಗೆದುಕೊಂಡಳು. ಎಷ್ಟೋ ತಿಂಗಳ ಮೇಲೆ ಒಂದು ಜೀವವನ್ನು ಮುಟ್ಟುತ್ತಿದ್ದಳು. ಅದರ ನೆತ್ತಿಯನ್ನು ಕೆನ್ನೆಗೆ ಒತ್ತಿಕೊಂಡು, ನನ್ನ ಕಡೆ ನೋಡದೆಯೇ ಹೇಳಿದಳು:

"ನನ್ನ ಹೆಸರು ಮೈಕಿನಾಗೆ ಕೂಗಿದ್ದೆ. ಈಗ ಗೊಣಗಬೇಡ. ಒಳಗೆ ಅವ್ವನಿಗೆ ಕೇಳಲಿ, ಬೀದಿಯವರಿಗೂ ಕೇಳಲಿ. ಜೋರಾಗಿ ಹೇಳು."

ನಾನು ಅಂಗಳಕ್ಕೆ ಇಳಿದು ನಿಂತೆ. ಎದುರು ಮನೆಯ ಜಗಲಿಯಲ್ಲಿ ಇಬ್ಬರು ಹೆಂಗಸರಿದ್ದರು, ಬ್ಲೌಸ್ ಪೀಸು ವಾಪಸ್ ಒಯ್ದವರೇ. ನಲ್ಲಿಯ ಹತ್ತಿರ ನಾಲ್ಕೈದು ಜನ ಕೊಡ ಹಿಡಿದು ನಿಂತಿದ್ದರು. ರೊಟ್ಟಿಯ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದಳು. ನಾನು ಉಸಿರು ತೆಗೆದುಕೊಂಡು, ಗಂಟಲು ಹರಿದರೂ ಹರಿಯಲಿ ಅಂತ, ಮೈಕಿಲ್ಲದೆ ಕೂಗಿದೆ.

"ಟಿಬಿ ಬಂದಿದ್ದು ನನಗೆ. ನೇತ್ರಾಗಲ್ಲ. ನನ್ನ ಕಫ ಅವಳ ಹೆಸರಿನ ಡಬ್ಬಿಗೆ ಹಾಕಿ ಕೊಟ್ಟೋನು ನಾನು. ಆಸ್ಪತ್ರೆಯೋರು ಸುಳ್ಳು ಹೇಳಲಿಲ್ಲ, ಸುಳ್ಳು ಹೇಳಿದ್ದು ನಾನು. ಅವಳಿಂದ ಯಾರಿಗೂ ಏನೂ ಬಂದಿಲ್ಲ. ಬಾಳ ತಪ್ಪು ಮಾಡಿದೆ ನೇತ್ರಾ. ನನ್ನ ಕ್ಷಮಿಸು, ತಂಗಿ."